ಏಳು ವರ್ಷ ಅಂದರೆ ಎಷ್ಟು ವರ್ಷ? ಒಲಿವಿಯಾ ಡಿ ಹ್ಯಾವಿಲ್ಯಾಂಡ್ ಕೇಸುಗಳ ಹಿನ್ನೆಲೆ

ಹಾಲಿವುಡ್‌ನ ನಟರೋ ಗಾಯಕರೋ ತಮ್ಮ ಕಂಪನಿಯ ಮೇಲೆ ತಿರುಗಿಬಿದ್ದಾಗೆಲ್ಲ ‘ಡಿ ಹ್ಯಾವಿಲ್ಯಾಂಡ್ ಕಾನೂನು’ ಎಂಬ ಹೆಸರು ಮೇಲೆ ಬರುತ್ತದೆ. ಒಬ್ಬರನ್ನು ಏಳು ವರ್ಷಕ್ಕಿಂತ ಹೆಚ್ಚು ಕಾಲ ಕರಾರಿನಲ್ಲಿ ಕಟ್ಟಿಹಾಕಬಾರದು ಎಂಬ ಮಿತಿ ಅದು ಎನ್ನುವವರಿದ್ದಾರೆ. ಗಾಯಕರಿಗೆ ಅದರಿಂದ ಪೂರ್ತಿ ರಕ್ಷಣೆ ಇಲ್ಲ ಎನ್ನುವವರೂ ಇದ್ದಾರೆ. ಕಾನೂನಿಗೆ ಹೆಸರು ಬಂದದ್ದು ನಟಿ ಒಲಿವಿಯಾ ಡಿ ಹ್ಯಾವಿಲ್ಯಾಂಡ್ ಅವರಿಂದ. ಆಕೆ ಕೇಸು ಗೆದ್ದರು ಅಂತ ಒಂದು ಕಡೆ ಓದುತ್ತೇವೆ, ಸೋತರು ಅಂತ ಇನ್ನೊಂದು ಕಡೆ. ಎರಡೂ ನಿಜ. ಕೇಸುಗಳೇ ಎರಡು. ಮೊದಲನೆಯದು 1943ರದ್ದು, ಎರಡನೆಯದು 2017ರದ್ದು.

ಒಲಿವಿಯಾ ಹುಟ್ಟಿದ್ದು 1916ರಲ್ಲಿ, ಟೋಕಿಯೊದಲ್ಲಿ. ತಂದೆ ತಾಯಿ ಇಂಗ್ಲಿಷರು. ಬೆಳೆದದ್ದು ಕ್ಯಾಲಿಫೋರ್ನಿಯಾದ ಸಾರಟೋಗಾದಲ್ಲಿ. ಹದಿಹರೆಯದಲ್ಲೇ ಶೇಕ್ಸ್‌ಪಿಯರ್ ನಾಟಕವೊಂದರಲ್ಲಿ ನಟಿಸಿ ವಾರ್ನರ್ ಬ್ರದರ್ಸ್ ಸ್ಟುಡಿಯೊ ಸೇರಿದರು. ಎರಾಲ್ ಫ್ಲಿನ್ ಜೊತೆ ಎಂಟು ಚಿತ್ರಗಳಲ್ಲಿ ಕಾಣಿಸಿಕೊಂಡರು. 1941ರಲ್ಲಿ ಅಮೆರಿಕದ ಪ್ರಜೆಯಾದರು.

ಆಗಿನ ಕರಾರು ಹೇಗಿತ್ತು ಅನ್ನುವುದು ಗೊತ್ತಿಲ್ಲದಿದ್ದರೆ ಮುಂದಿನ ಜಗಳ ಅರ್ಥವಾಗುವುದಿಲ್ಲ. ಹೆಸರಿಗೆ ಏಳು ವರ್ಷ. ಆದರೆ ಪ್ರತಿ ಹಂತದಲ್ಲೂ ಮುಂದುವರಿಸುವ ಆಯ್ಕೆ ಸ್ಟುಡಿಯೊದ್ದು ಮಾತ್ರ. ಬೇಡ ಅನ್ನಿಸಿದರೆ ಸ್ಟುಡಿಯೊ ನಟರನ್ನು ಬಿಡಬಹುದಿತ್ತು, ನಟರು ಸ್ಟುಡಿಯೊವನ್ನು ಬಿಡುವ ಹಾಗಿರಲಿಲ್ಲ. ಯಾವ ಪಾತ್ರ ಕೊಟ್ಟರೂ ಮಾಡಬೇಕು. ಬೇರೆ ಸ್ಟುಡಿಯೊಗೆ ಎರವಲು ಕೊಟ್ಟರೆ ಹೋಗಬೇಕು. ಒಲ್ಲೆ ಅಂದರೆ ಸಸ್ಪೆಂಡ್. ಸಂಬಳ ನಿಲ್ಲುತ್ತಿತ್ತು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತೇನೋ. ಹಾಗೆ ಮನೆಯಲ್ಲಿ ಕೂತ ದಿನಗಳನ್ನೂ ಕರಾರಿನ ಕೊನೆಗೆ ಸೇರಿಸುತ್ತಿದ್ದರು. ಎಷ್ಟು ಸಲ ಬೇಡ ಅಂದರೆ ಅಷ್ಟು ಜಾಸ್ತಿ ದಿನ ಅಲ್ಲೇ ಇರಬೇಕು.

ಇದನ್ನು ಮೊದಲು ಎದುರಿಸಿದವರು ಒಲಿವಿಯಾ ಅಲ್ಲ. ಅದೇ ಸ್ಟುಡಿಯೊದಲ್ಲಿದ್ದ ನಟಿ ಬೆಟ್ಟಿ ಡೇವಿಸ್ 1936ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿ ಚಿತ್ರ ಮಾಡಲು ಹೊರಟರು. ಲಂಡನ್ ಕೋರ್ಟಿನಲ್ಲಿ ಸೋತು, ಅದೇ ಕರಾರಿಗೆ ವಾಪಸ್ ಬಂದರು.

ಒಲಿವಿಯಾಗೆ ಬೇಕಿದ್ದದ್ದು ಒಳ್ಳೆಯ ಪಾತ್ರ. ‘ಗಾನ್ ವಿತ್ ದಿ ವಿಂಡ್’ ಚಿತ್ರದ ಮೆಲನಿ ಪಾತ್ರಕ್ಕೆ ಹೊರಗಿನ ನಿರ್ಮಾಪಕರು ಕೇಳಿದಾಗ ಸ್ಟುಡಿಯೊ ಮುಖ್ಯಸ್ಥ ಜ್ಯಾಕ್ ವಾರ್ನರ್ ಮೊದಲು ಒಪ್ಪಲಿಲ್ಲ. ಆಕೆ ಅವರ ಹೆಂಡತಿಯನ್ನು ಕಂಡು ಸಹಾಯ ಕೇಳಿದರು. ಆಮೇಲೆ ದಾರಿ ಸಿಕ್ಕಿತು, ಆ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನವೂ ಬಂತು. 1941ರ ಚಿತ್ರಕ್ಕೆ ಎರಡನೇ ನಾಮನಿರ್ದೇಶನ. ಗಮನಿಸಬೇಕಾದದ್ದು ಇದು: ಎರಡೂ ಬೇರೆಯವರಿಗೆ ಎರವಲು ಹೋಗಿ ಮಾಡಿದ ಚಿತ್ರಗಳು. ತನ್ನ ಸ್ಟುಡಿಯೊಗೆ ಮರಳಿದರೆ ಮತ್ತೆ ನಾಯಕನ ಪಕ್ಕದಲ್ಲಿ ಸುಮ್ನೆ ನಿಲ್ಲುವ ಪಾತ್ರಗಳೇ ಜಾಸ್ತಿ. ಅಂಥವನ್ನು ಬೇಡ ಅನ್ನುತ್ತಾ ಹೋದರು. ಸಸ್ಪೆಂಡ್ ಆಗುತ್ತಾ ಹೋದರು.

1943ರ ಮೇ ತಿಂಗಳಿಗೆ ಏಳು ವರ್ಷ ಮುಗಿಯಿತು. ಇನ್ನೂ ಸುಮಾರು 6 ತಿಂಗಳು ಬಾಕಿ ಇದೆ ಎಂದು ಸ್ಟುಡಿಯೊ ಹೇಳಿತು. ಆಗ ವಕೀಲ ಮಾರ್ಟಿನ್ ಗ್ಯಾಂಗ್ ಆಕೆಗೆ ಹಳೆಯ ಕಾನೂನೊಂದನ್ನು ತೋರಿಸಿದರು. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ವ್ಯಕ್ತಿಯ ದುಡಿಮೆಯನ್ನು ಕರಾರಿನಿಂದ ಇಷ್ಟೇ ಕಾಲ ಕಟ್ಟಿಹಾಕಬಹುದು ಎಂಬ ಮಿತಿ 1872ರಿಂದಲೂ ಇತ್ತು. ಮೊದಲು 2 ವರ್ಷ ಇದ್ದದ್ದು 1931ರ ಹೊತ್ತಿಗೆ 7 ಆಗಿತ್ತು. 1937ರಲ್ಲಿ ಅದು ಕಾರ್ಮಿಕ ಸಂಹಿತೆಯ 2855ನೇ ಸೆಕ್ಷನ್ ಆಯಿತು. ನಟರೂ ದುಡಿಯುವವರೇ ಅಲ್ವಾ?

ಆಗಸ್ಟ್‌ನಲ್ಲಿ ಆಕೆ ಕೋರ್ಟಿಗೆ ಹೋದರು. ಏಳು ವರ್ಷ ಅಂದರೆ ನಿಜವಾಗಿ ಕೆಲಸ ಮಾಡಿದ ಏಳು ವರ್ಷ ಎಂದು ಸ್ಟುಡಿಯೊ ವಾದಿಸಿತು. ದಿನ ಸೇರಿಸುವ ಷರತ್ತಿಗೆ ಆಕೆಯೇ ಸಹಿ ಹಾಕಿದ್ದಾರೆ ಎಂದೂ ಹೇಳಿತು. ಕ್ಯಾಲೆಂಡರಿನ ಏಳು ವರ್ಷ, ಅಷ್ಟೇ ಎಂದು ಆಕೆಯ ಕಡೆಯವರು ಪಟ್ಟು ಹಿಡಿದರು. 1944ರ ಮಾರ್ಚ್‌ನಲ್ಲಿ ಕೆಳ ಕೋರ್ಟು ಆಕೆಯ ಪರ ನಿಂತಿತು, ಡಿಸೆಂಬರ್‌ನಲ್ಲಿ ಮೇಲ್ಮನವಿ ಕೋರ್ಟು ಕೂಡ. ಮುಂದಿನ ಫೆಬ್ರವರಿಯಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಕೇಸನ್ನು ಕೈಗೆತ್ತಿಕೊಳ್ಳಲು ಒಪ್ಪದೆ ತೀರ್ಪು ಗಟ್ಟಿಯಾಯಿತು.

ತೀರ್ಪಿನಲ್ಲಿ ನನಗೆ ತುಂಬ ದೊಡ್ಡದು ಅನ್ನಿಸುವ ಮಾತು ಸಹಿಯ ಬಗ್ಗೆ ಇರುವುದು. ಈ ರಕ್ಷಣೆ ಸಾರ್ವಜನಿಕರ ಹಿತಕ್ಕಾಗಿ ಮಾಡಿದ್ದು, ಒಬ್ಬರು ಕಾಗದಕ್ಕೆ ಸಹಿ ಹಾಕಿ ಅದನ್ನು ಬಿಟ್ಟುಕೊಡಲಾಗದು ಎಂದು ಕೋರ್ಟು ಹೇಳಿತು. ಹಾಗೆ ಹೇಳದೆ ಇದ್ದಿದ್ದರೆ ಪ್ರತಿ ಕರಾರಿನಲ್ಲೂ ಆ ಷರತ್ತು ಅಚ್ಚಾಗಿ ಬರುತ್ತಿತ್ತು. ಕೆಲಸ ಬೇಕಾದವರು ಸಹಿ ಹಾಕದೆ ಏನು ಮಾಡುತ್ತಾರೆ?

ಇಷ್ಟಕ್ಕೆ ಆಕೆ ತೆತ್ತ ಬೆಲೆ ಸಣ್ಣದಲ್ಲ. ಆಕೆ ಇನ್ನೂ ನಮ್ಮ ಕರಾರಿನಲ್ಲಿದ್ದಾರೆ ಎಂದು ಬೇರೆ ಸ್ಟುಡಿಯೊಗಳಿಗೆ ಪತ್ರಗಳು ಹೋದವು. ಸುಮಾರು ಎರಡು ವರ್ಷ ಚಿತ್ರದ ಕೆಲಸ ಇರಲಿಲ್ಲ. ಯುದ್ಧದ ಸಮಯ. ಗಾಯಗೊಂಡ ಸೈನಿಕರನ್ನು ನೋಡಲು ಆಸ್ಪತ್ರೆಗಳಿಗೆ ಹೋಗುತ್ತಿದ್ದರು. ಫಿಜಿಯಲ್ಲಿ ನ್ಯುಮೋನಿಯಾ ಆಗಿ ತಾವೇ ಆಸ್ಪತ್ರೆ ಸೇರಬೇಕಾಯಿತು. ಆದರೆ ಬಿಡುಗಡೆಯಾದ ಮೇಲೆ 1946ರ ಚಿತ್ರಕ್ಕೆ ಒಂದು, 1949ರ ಚಿತ್ರಕ್ಕೆ ಇನ್ನೊಂದು, ಹೀಗೆ ಎರಡು ಶ್ರೇಷ್ಠ ನಟಿ ಆಸ್ಕರ್. ತನಗೆ ಏನು ಬೇಕು ಅನ್ನುವುದು ಆಕೆಗೆ ಸರಿಯಾಗಿಯೇ ಗೊತ್ತಿತ್ತು. ಲಾಭ ಆಕೆಗೊಬ್ಬಳಿಗೇ ಆಗಲಿಲ್ಲ. ಸೈನ್ಯಕ್ಕೆ ಹೋಗಿದ್ದ ನಟರ ಕರಾರಿಗೆ ಯುದ್ಧದ ವರ್ಷಗಳನ್ನು ಸೇರಿಸುವ ದಾರಿಯೂ ಮುಚ್ಚಿತು.

ಮುಂದಿನ ಮೂರು ದಶಕದಲ್ಲಿ ಸ್ಟುಡಿಯೊಗಳು ತಮ್ಮ ಚಿತ್ರಮಂದಿರಗಳನ್ನು ಬಿಟ್ಟುಕೊಟ್ಟವು, ಟಿವಿ ಬಂತು, ತಾರೆಯರು ಚಿತ್ರಕ್ಕೊಂದು ಕರಾರು ಮಾಡಿಕೊಳ್ಳತೊಡಗಿದರು.

ಗೋಜಲು ಶುರುವಾದದ್ದು ಸಂಗೀತದಿಂದ. ರೆಕಾರ್ಡ್ ಕಂಪನಿಗಳ ಕರಾರು ಆಲ್ಬಂಗಳ ಲೆಕ್ಕದಲ್ಲಿರುತ್ತದೆ. ಏಳು ವರ್ಷದಲ್ಲಿ ಅಷ್ಟು ಆಲ್ಬಂ ಮುಗಿಯುವುದು ಕಷ್ಟ. 1987ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು: ಗಾಯಕರು ಹೊರಟರೆ, ಕೊಡದೆ ಉಳಿದ ಆಲ್ಬಂಗಳಿಗೆ ಕಂಪನಿ ನಷ್ಟ ಪರಿಹಾರ ಕೇಳಬಹುದು. 2008ರಲ್ಲಿ ನಟ ಜ್ಯಾರೆಡ್ ಲೆಟೊ ಅವರ ಬ್ಯಾಂಡ್ ಮೇಲೆ 3 ಕೋಟಿ ಡಾಲರ್ ದಾವೆ ಬಿದ್ದಿತ್ತು. ಮರುವರ್ಷ ರಾಜಿಯಾಯಿತು. ರೆಕಾರ್ಡ್ ಕಂಪನಿಗಳಿಗೆ ಸಿಕ್ಕ ಆ ವಿನಾಯಿತಿ ತೆಗೆಯುವ ಮಸೂದೆ 2022ರಲ್ಲಿ ಪಾಸಾಗಲಿಲ್ಲ. ಒಬ್ಬ ನಟನಿಗೆ ಇರುವ ರಕ್ಷಣೆ ಅದೇ ಊರಿನ ಗಾಯಕನಿಗೆ ಯಾಕೆ ಕಡಿಮೆ ಇರಬೇಕು ಎಂಬ ಪ್ರಶ್ನೆಗೆ ತೃಪ್ತಿಯಾಗುವ ಉತ್ತರ ನನಗಂತೂ ಸಿಕ್ಕಿಲ್ಲ.

ಎರಡನೇ ಕೇಸು ಬೇರೆಯೇ. ಬೆಟ್ಟಿ ಡೇವಿಸ್ ಮತ್ತು ಇನ್ನೊಬ್ಬ ನಟಿ ಜೋನ್ ಕ್ರಾಫರ್ಡ್ ನಡುವಿನ ವೈಮನಸ್ಸಿನ ಬಗ್ಗೆ 2017ರಲ್ಲಿ ಒಂದು ಟಿವಿ ಸರಣಿ ಬಂತು. ಅದರಲ್ಲಿ ಒಲಿವಿಯಾ ಕೂಡ ಒಂದು ಪಾತ್ರ. ಯಾರೂ ತಮ್ಮ ಒಪ್ಪಿಗೆ ಕೇಳಿಲ್ಲ, ಆಡದ ಮಾತು ಆಡಿಸಿದ್ದಾರೆ ಎಂದು ಪ್ಯಾರಿಸ್‌ನಲ್ಲಿದ್ದ ಆಕೆ 101ನೇ ಹುಟ್ಟುಹಬ್ಬದ ಹಿಂದಿನ ದಿನ ದಾವೆ ಹೂಡಿದರು. 2018ರ ಮಾರ್ಚ್‌ನಲ್ಲಿ ಮೇಲ್ಮನವಿ ಕೋರ್ಟು ಸರಣಿಯ ಪರ ತೀರ್ಪು ಕೊಟ್ಟಿತು. ನಿಜವಾದ ವ್ಯಕ್ತಿಗಳ ಕತೆ ಹೇಳಲು ಅವರ ಅನುಮತಿ ಬೇಕೆಂದರೆ ಇತಿಹಾಸವನ್ನೇ ಚಿತ್ರ ಮಾಡಲಾಗದು ಅನ್ನುವ ವಾದದಲ್ಲಿ ಹುರುಳಿದೆ. ಆದರೂ ಬದುಕಿರುವವರ ನೋವಿಗೆ ಅಲ್ಲಿ ಜಾಗ ಸಾಲಲಿಲ್ಲ ಅನ್ನಿಸುತ್ತದೆ. 2020ರ ಜುಲೈನಲ್ಲಿ, 104ನೇ ವಯಸ್ಸಿನಲ್ಲಿ ಆಕೆ ತೀರಿಕೊಂಡರು.

ಒಬ್ಬರ ರೂಪವನ್ನು ಬಳಸಲು ಅವರ ಒಪ್ಪಿಗೆ ಬೇಕೇ ಎಂಬ ಪ್ರಶ್ನೆ ಅಲ್ಲಿಗೆ ನಿಲ್ಲಲಿಲ್ಲ. 2023ರಲ್ಲಿ ನಟರು 118 ದಿನ ಮುಷ್ಕರ ಮಾಡಿದಾಗ, ಕಂಪ್ಯೂಟರ್‌ನಲ್ಲಿ ತಯಾರಾಗುವ ತಮ್ಮ ನಕಲುಗಳ ವಿಷಯ ಮುಖ್ಯ ಬೇಡಿಕೆಗಳಲ್ಲಿ ಒಂದಾಗಿತ್ತು. ಮರುವರ್ಷ ಕ್ಯಾಲಿಫೋರ್ನಿಯಾ ಅದೇ ಕಾರ್ಮಿಕ ಸಂಹಿತೆಗೆ ಹೊಸ ಸೆಕ್ಷನ್ ಸೇರಿಸಿತು. ನಟರು ತಾವೇ ಮಾಡಬಹುದಾಗಿದ್ದ ಕೆಲಸಕ್ಕೆ ಅವರ ಡಿಜಿಟಲ್ ನಕಲನ್ನು ಬಳಸುವ ಷರತ್ತಿದ್ದು, ಬಳಕೆ ಎಲ್ಲಿ, ಹೇಗೆ ಅನ್ನುವುದು ಸ್ಪಷ್ಟವಾಗಿರದೆ, ಸಹಿ ಹಾಕುವಾಗ ವಕೀಲರೋ ಸಂಘವೋ ಅವರ ಜೊತೆಗಿರದಿದ್ದರೆ ಆ ಷರತ್ತು ನಡೆಯುವುದಿಲ್ಲ.