ಪಾರ್ಸೆಲ್ ತರುವ ಡ್ರೋನ್: ಕಷ್ಟ ಇರುವುದು ಕೊನೆಯ ನೂರು ಅಡಿಯಲ್ಲಿ

ಕಾಸರಗೋಡಿನ ಅಡಿಕೆ ತೋಟಗಳಲ್ಲಿ ಡ್ರೋನ್‌ನಿಂದ ಮದ್ದು ಬಿಡುವುದು, ಜಾಗದ ಸರ್ವೆ ಮಾಡುವುದು ನನ್ನ ಕೆಲಸ. ಎಣ್ಮಕಜೆ, ಬದಿಯಡ್ಕ, ಪೈವಳಿಕೆ, ಯಾವ ಕಡೆ ಹೋದರೂ ಡ್ರೋನ್ ಮೇಲೇಳುವ ಮೊದಲೇ ಒಂದು ಪ್ರಶ್ನೆ ಬರುತ್ತದೆ. "ಹತ್ತು ಲೀಟರ್ ಮದ್ದು ಹೊತ್ತುಕೊಂಡು ಹಾರ್ತದಲ್ಲಾ ಮಾರಾಯ್ರೆ, ಪೇಟೆಯಿಂದ ಎರಡು ಕಿಲೋ ಸಾಮಾನು ತರ್ಲಿಕ್ಕೆ ಆಗುದಿಲ್ವಾ?" ಈಗೀಗ ಪಂಚಾಯತಿನವರೂ ಇದನ್ನೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಕೂಗಳತೆಯ ಮನೆಗೂ ಗುಡ್ಡ ಸುತ್ತಿ, ತೋಡು ದಾಟಿ ಹೋಗಬೇಕಾದ ಊರು ನಮ್ಮದು.

ತರಬಹುದು. ನಮ್ಮ ದೇಶದಲ್ಲೇ ತಂದು ತೋರಿಸಿದ್ದಾರೆ. 2022ರ ಮೇ ತಿಂಗಳಲ್ಲಿ ಅಂಚೆ ಇಲಾಖೆ ಗುಜರಾತಿನ ಕಚ್‌ನಲ್ಲಿ ಡ್ರೋನ್ ಮೂಲಕ ಒಂದು ಪಾರ್ಸೆಲ್ ಕಳಿಸಿತು. 46 ಕಿಲೋಮೀಟರ್ ದೂರ, ಹಿಡಿದ ಸಮಯ 25 ನಿಮಿಷ. ಅದಕ್ಕೂ ಮೊದಲು, 2021ರ ಅಕ್ಟೋಬರಿನಲ್ಲಿ, ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಣಿಪುರದ ಬಿಷ್ಣುಪುರದಿಂದ ಲೋಕ್ತಾಕ್ ಸರೋವರದ ಕರಾಂಗ್ ದ್ವೀಪಕ್ಕೆ ಕೋವಿಡ್ ಲಸಿಕೆ ಕಳಿಸಿತ್ತು. ರಸ್ತೆಯಲ್ಲಿ 26 ಕಿಲೋಮೀಟರ್ ಇದ್ದ ದಾರಿ ಆಕಾಶದಲ್ಲಿ 15 ಆಯಿತು, ಕಾಲು ಗಂಟೆಯೊಳಗೆ ಮುಗಿಯಿತು.

ಈ ಸುದ್ದಿಗಳನ್ನು ಓದುವಾಗ ಒಂದು ವಿಷಯ ಗಮನಿಸಬೇಕು. ಮೊದಲೇ ಗೊತ್ತು ಮಾಡಿದ ಒಂದು ಜಾಗದಿಂದ ಹೊರಟು, ಗೊತ್ತು ಮಾಡಿದ ಇನ್ನೊಂದು ಜಾಗದಲ್ಲಿ ಇಳಿದ ಹಾರಾಟಗಳು ಇವು. ಇಳಿಯುವಲ್ಲಿ ಜನ ಕಾಯುತ್ತಾ ನಿಂತಿದ್ದರು. ನಿಮ್ಮ ಮನೆಯ ಅಂಗಳಕ್ಕೆ ಬಂದು ಸಾಮಾನು ಇಡುವುದು ಬೇರೆಯದೇ ಕೆಲಸ.

ಕಾಸರಗೋಡಿನ ಒಂದು ಮನೆ ನೆನೆಸಿಕೊಳ್ಳಿ. ಮೇಲೆ ಮುರಕಲ್ಲಿನ ಪದವು (ಬಯಲುಗುಡ್ಡ), ಕೆಳಗೆ ತೋಟ, ತೋಟದ ಬದಿಯಲ್ಲಿ ಮನೆ. ಪದವಿನಲ್ಲಿ ಡ್ರೋನ್ ಇಳಿಸುವುದು ಸುಲಭ. ಆದರೆ ಯಾರೂ ಪದವಿನಲ್ಲಿ ವಾಸ ಮಾಡುವುದಿಲ್ಲ ಅಲ್ವಾ? ಮನೆಯ ಸುತ್ತ ಅರುವತ್ತು ಅಡಿ ಎತ್ತರದ ಅಡಿಕೆ ಮರ, ಅದಕ್ಕಿಂತ ಎತ್ತರದ ತೆಂಗು. ಮರಗಳ ನಡುವೆ ಇಳಿಯುತ್ತಾ ಹೋದಂತೆ ಜಿಪಿಎಸ್‌ಗೆ ಸಿಗುವ ಉಪಗ್ರಹಗಳು ಒಂದೊಂದಾಗಿ ಮರೆಯಾಗುತ್ತವೆ. ಮೇಲೆ ಅಲುಗದೆ ನಿಂತಿದ್ದ ಡ್ರೋನ್ ಇಲ್ಲಿ ಒಂದೆರಡು ಮೀಟರ್ ಅತ್ತಿತ್ತ ಜಾರತೊಡಗುತ್ತದೆ. ಜಾರಿದ ಕಡೆ ಒಂದು ಸೋಗೆ ಇದ್ದರೆ ಸಾಕು, ತಿರುಗುವ ರೆಕ್ಕೆ ತಾಗಿತು.

ಇನ್ನು ತಂತಿ. ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರ್, ಕೇಬಲ್ ಟಿವಿಯ ವೈರ್, ಬಟ್ಟೆ ಒಣಗಿಸುವ ಹಗ್ಗ. ಮರದ ಹಸಿರಿನ ಎದುರು ಕಪ್ಪು ತಂತಿ ಕ್ಯಾಮೆರಾಕ್ಕೆ ಸುಲಭವಾಗಿ ಕಾಣುವುದಿಲ್ಲ. ನಾವು ಹೊಸ ತೋಟಕ್ಕೆ ಹೋದಾಗ ಮೊದಲು ಕಾಲ್ನಡಿಗೆಯಲ್ಲಿ ಒಂದು ಸುತ್ತು ಹಾಕಿ ತಂತಿ ಎಲ್ಲೆಲ್ಲಿ ಹಾದಿದೆ ಎಂದು ಗುರುತು ಮಾಡಿಕೊಳ್ಳುತ್ತೇವೆ. ಪಾರ್ಸೆಲ್ ಡ್ರೋನ್‌ಗೆ ಪ್ರತಿ ಮನೆಯಲ್ಲೂ ಆ ಸುತ್ತು ಹಾಕುವವರು ಯಾರು? ಆಸ್ಟ್ರೇಲಿಯಾದ ಲೋಗನ್ ನಗರದಲ್ಲಿ 2022ರ ಸೆಪ್ಟೆಂಬರಿನಲ್ಲಿ ವಿಂಗ್ ಕಂಪನಿಯ ಡೆಲಿವರಿ ಡ್ರೋನ್ ವಿದ್ಯುತ್ ತಂತಿಯ ಮೇಲೆ ಇಳಿದು ಸುಮಾರು 2,000 ಮನೆ–ಅಂಗಡಿಗಳಿಗೆ ಕರೆಂಟ್ ಹೋಗಿತ್ತು. ಅಗಲವಾದ ರಸ್ತೆ, ತೆರೆದ ಹಿತ್ತಿಲು ಇರುವ ಊರಿನ ಕಥೆ ಅದು.

ಕೆಳಗಿನ ಗಾಳಿಯೂ ಸಣ್ಣ ವಿಷಯವಲ್ಲ. ಇಪ್ಪತ್ತೈದು ಕಿಲೋ ತೂಗುವ ಡ್ರೋನ್ ಗಾಳಿಯಲ್ಲಿ ನಿಲ್ಲಬೇಕಾದರೆ ಅಷ್ಟೇ ಬಲದಲ್ಲಿ ಗಾಳಿಯನ್ನು ಕೆಳಕ್ಕೆ ತಳ್ಳಬೇಕು. ಅಂಗಳದಿಂದ ಹದಿನೈದು ಅಡಿ ಮೇಲಿರುವಾಗಲೇ ಧೂಳು, ಒಣಗಿದ ಎಲೆ, ಅಡಿಕೆ ಸಿಪ್ಪೆ ಎಲ್ಲ ಎದ್ದು ಸುತ್ತತೊಡಗುತ್ತದೆ. ಅಡಿಕೆಗೆ ಹೊದಿಸಿದ ಪ್ಲಾಸ್ಟಿಕ್ ಶೀಟ್ ಸಡಿಲವಾಗಿದ್ದರೆ ಅದು ಎದ್ದು ನೇರ ರೆಕ್ಕೆಗೇ ಹೋಗುತ್ತದೆ. ಅಷ್ಟು ಹೊತ್ತಿಗೆ "ಅಜ್ಜಿ, ಡ್ರೋನ್ ಬಂತು!" ಎಂದು ಮಕ್ಕಳು ಅಂಗಳಕ್ಕೆ ಓಡಿ ಬಂದಿರುತ್ತಾರೆ. ನನಗೆ ಅತಿ ಹೆಚ್ಚು ಹೆದರಿಕೆ ಇರುವುದು ಈ ಗಳಿಗೆಯದೇ. ಮೇಲೆಯೇ ನಿಂತು ದಾರದಲ್ಲಿ ಪೊಟ್ಟಣ ಇಳಿಸುವ ಕ್ರಮವೂ ಇದೆ, ಆದರೆ ದಾರಕ್ಕೂ ನೇರವಾದ ತೆರವು ಬೇಕು.

ಈಗ ತೂಕದ ಲೆಕ್ಕ. ಹತ್ತು ಲೀಟರಿನ ಸ್ಪ್ರೇ ಡ್ರೋನ್ ಟ್ಯಾಂಕ್ ತುಂಬಿಕೊಂಡು ಹಾರುವುದು ಹತ್ತು–ಹದಿನೈದು ನಿಮಿಷ. ನಮಗೆ ಅದು ಸಾಕು, ತೋಟದ ಬದಿಯಲ್ಲೇ ನಿಂತು ಬ್ಯಾಟರಿ ಬದಲಿಸುತ್ತೇವೆ. ದೂರ ಹೋಗಲು ಅದು ಸಾಲದು. ತಿರುಗುವ ರೆಕ್ಕೆಯ ಅಳತೆ ಅಷ್ಟೇ ಇಟ್ಟು ಒಟ್ಟು ತೂಕ ಎರಡು ಪಟ್ಟು ಮಾಡಿದರೆ, ಗಾಳಿಯಲ್ಲಿ ನಿಲ್ಲಲು ಬೇಕಾದ ಶಕ್ತಿ ಎರಡು ಪಟ್ಟಲ್ಲ, 2.8 ಪಟ್ಟು ಜಾಸ್ತಿಯಾಗುತ್ತದೆ. ಹೆಚ್ಚು ದೂರಕ್ಕೆ ದೊಡ್ಡ ಬ್ಯಾಟರಿ ಹಾಕಿದರೆ ಆ ಬ್ಯಾಟರಿಯನ್ನು ಹೊರಲೂ ಶಕ್ತಿ ಬೇಕು. ಹಾಗಾಗಿಯೇ ದೂರ ಹೋಗುವ ಡ್ರೋನ್‌ಗಳಿಗೆ ವಿಮಾನದ ಹಾಗೆ ಚಾಚಿದ ರೆಕ್ಕೆ ಇರುತ್ತದೆ. ರುವಾಂಡಾದಲ್ಲಿ 2016ರಿಂದ ಆಸ್ಪತ್ರೆಗಳಿಗೆ ರಕ್ತ ಮುಟ್ಟಿಸುತ್ತಿರುವ ಜಿಪ್‌ಲೈನ್ ಕಂಪನಿಯ ಡ್ರೋನ್‌ಗಳು ಅಂಥವು. ಆಸ್ಪತ್ರೆಯಲ್ಲಿ ಅವು ಇಳಿಯುವುದೇ ಇಲ್ಲ. ಪೆಟ್ಟಿಗೆಯನ್ನು ಪ್ಯಾರಾಚೂಟಿನಲ್ಲಿ ಬಿಟ್ಟು ವಾಪಸ್ ಹಾರುತ್ತವೆ.

ಗಾಳಿ ಈ ಲೆಕ್ಕವನ್ನು ಇನ್ನಷ್ಟು ಕೆಡಿಸುತ್ತದೆ. ಸೆಕೆಂಡಿಗೆ 12 ಮೀಟರ್ ಹಾರುವ ಡ್ರೋನ್ ಆರು ಕಿಲೋಮೀಟರ್ ಹೋಗಿ ಬರಲು ಗಾಳಿ ಇಲ್ಲದಾಗ 17 ನಿಮಿಷ ಸಾಕು. ಮಧ್ಯಾಹ್ನದ ಮೇಲೆ ಕಡಲ ಕಡೆಯಿಂದ ಸೆಕೆಂಡಿಗೆ 8 ಮೀಟರ್ ಗಾಳಿ ಎದ್ದಿತು ಎಂದುಕೊಳ್ಳಿ. ಪಡುವಿನಿಂದ ಮೂಡಿಗೆ 5 ನಿಮಿಷದಲ್ಲಿ ತಲುಪುತ್ತದೆ. ಹಿಂದೆ ಬರಲು 25 ನಿಮಿಷ! ಹೋಗುವಾಗ ಎಲ್ಲ ಸಲೀಸು ಅನಿಸಿ, ಬರುವಾಗ ಅರ್ಧ ದಾರಿಯಲ್ಲಿ ಬ್ಯಾಟರಿ ಮುಗಿಯುವುದು ಹೀಗೆ.

ಮಳೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಬೀಳುವ ಜಿಲ್ಲೆ ಇದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ತೋಡು ತುಂಬಿ, ರಸ್ತೆಗೆ ಮರ ಬಿದ್ದು, ಡ್ರೋನ್ ನಿಜವಾಗಿ ಬೇಕಾಗುವುದು ಆ ನಾಲ್ಕು ತಿಂಗಳಲ್ಲೇ. ಡ್ರೋನ್ ಹಾರಿಸಲು ಆಗದ ದಿನಗಳು ಜಾಸ್ತಿ ಇರುವುದೂ ಆಗಲೇ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡಲು ನಾವು ಮಳೆ ಬಿಡುವು ಕೊಡುವುದನ್ನೇ ಕಾಯುತ್ತೇವೆ. ಒಂದು ದಿನ ತಡವಾದರೂ ಅಡಿಕೆ ಕಾಯುತ್ತದೆ, ತುರ್ತಿನ ಮದ್ದಿಗೆ ಕಾಯುವ ರೋಗಿಯ ಮಾತು ಹಾಗಲ್ಲ.

ಕಾನೂನು ಅಡ್ಡಿಯಾಗಿದೆ ಎಂದು ಹಲವರು ಹೇಳುತ್ತಾರೆ. 2021ರ ಡ್ರೋನ್ ನಿಯಮಗಳು ಬಂದ ಮೇಲೆ ಎಷ್ಟೋ ಸಲೀಸಾಗಿದೆ. ಹಸಿರು ವಲಯದಲ್ಲಿ 400 ಅಡಿಯವರೆಗೆ ಹಾರಿಸಲು ಪ್ರತಿ ಸಲ ಅನುಮತಿ ಬೇಕಿಲ್ಲ. ವಿಮಾನ ನಿಲ್ದಾಣದ ಸುತ್ತಲಿನ, ಅನುಮತಿ ಬೇಕಾದ ಹಳದಿ ವಲಯವನ್ನು 12 ಕಿಲೋಮೀಟರಿಗೆ ಇಳಿಸಿದ್ದಾರೆ, ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣದ ಆ ವೃತ್ತ ಕೇರಳ ಗಡಿಯ ತಲಪಾಡಿಯ ತನಕ ಬರುವುದಿಲ್ಲ. ಆದರೂ ಆವತ್ತಿನ ವಲಯಗಳ ನಕ್ಷೆ ನೋಡದೆ ಹಾರಿಸಬಾರದು. ನಮ್ಮ ನಿತ್ಯದ ಹಾರಾಟವೆಲ್ಲ ಪೈಲಟ್‌ನ ಕಣ್ಣಿಗೆ ಡ್ರೋನ್ ಕಾಣುವ ದೂರದಲ್ಲೇ ನಡೆಯುತ್ತದೆ. ಗುಡ್ಡದ ಆಚೆಗೆ ಕಳಿಸಬೇಕಾದರೆ ಅದಕ್ಕೆ ವಿಶೇಷ ಒಪ್ಪಿಗೆ ಬೇಕು. ಅದು ಸುಮ್ನೆ ಹಾಕಿದ ಅಡ್ಡಿ ಅಂತ ನನಗೆ ಅನಿಸುವುದಿಲ್ಲ. 200 ಅಡಿ ಎತ್ತರದಿಂದ ಬೀಳುವ ವಸ್ತು, ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ, ನೆಲ ಮುಟ್ಟುವಾಗ ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿರುತ್ತದೆ. ಹತ್ತು ಕಿಲೋದ ಡ್ರೋನ್ ಆ ವೇಗದಲ್ಲಿ ಶಾಲೆಯ ಹಂಚಿನ ಮಾಡಿನ ಮೇಲೆ ಬಿದ್ದರೆ? ಮಾರ್ಚಿನಲ್ಲಿ ಪದವಿನ ಒಣ ಮುಳಿಹುಲ್ಲಿನ ಮೇಲೆ ಬಿದ್ದು ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ? ಪಕ್ಕದಲ್ಲೇ ಗೇರು ತೋಟ ಇರುತ್ತದೆ.

ನಮ್ಮ ಊರಿನ ಮಟ್ಟಿಗೆ ಇನ್ನೊಂದು ಮಾತು ಹೇಳಲೇಬೇಕು. ಪಡ್ರೆ, ಸ್ವರ್ಗ ಎಂಬ ಊರುಗಳ ಕಡೆ ಹಿರಿಯರು ಆಕಾಶದಲ್ಲಿ ಏನಾದರೂ ಸದ್ದಾದರೆ ಮಕ್ಕಳನ್ನು ಒಳಗೆ ಕರೆಯುತ್ತಾರೆ. 2000ದವರೆಗೂ ಹೆಲಿಕಾಪ್ಟರಿನಲ್ಲಿ ಗೇರು ತೋಟಗಳಿಗೆ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದನ್ನು ಕಂಡವರು ಅವರು. ಅದರ ಫಲವಾಗಿ ಕಾಯಿಲೆ ಬಿದ್ದವರನ್ನು ಇವತ್ತಿಗೂ ಮನೆಯೊಳಗೆ ಸಾಕುತ್ತಿದ್ದಾರೆ. ಅವರ ಹೆದರಿಕೆ ಅಜ್ಞಾನವಲ್ಲ, ಅನುಭವ. ನಾನು ಅಲ್ಲಿ ಕೆಲಸಕ್ಕೆ ಹೋದರೆ ಸುತ್ತಲಿನ ಮನೆಗಳಿಗೆ ಮುಂಚಿತವಾಗಿ ಹೋಗಿ, ಟ್ಯಾಂಕಿನಲ್ಲಿ ಏನಿದೆ ಎಂದು ತೋರಿಸಿ ಬರುತ್ತೇನೆ. ಯಾರೇ ಪಾರ್ಸೆಲ್ ಡ್ರೋನ್ ತಂದರೂ, ದಾರಿಯ ಕೆಳಗೆ ಬರುವ ಮನೆಗಳನ್ನು ಕೇಳದೆ ಗೆರೆ ಎಳೆಯಬಾರದು.

2020ರ ಮಾರ್ಚಿನಲ್ಲಿ ಕೋವಿಡ್ ಕಾರಣಕ್ಕೆ ತಲಪಾಡಿಯ ಗಡಿ ಮುಚ್ಚಿದಾಗ ಡ್ರೋನ್ ಇದ್ದಿದ್ದರೆ ಎಂದು ಕೇಳುವವರಿದ್ದಾರೆ. ಆ ದಿನಗಳಲ್ಲಿ ಮಂಗಳೂರಿನ ಆಸ್ಪತ್ರೆ ಸೇರಲಾಗದೆ ತೀರಿಕೊಂಡವರಿಗೆ ಬೇಕಿದ್ದದ್ದು ದಾರಿ ಮತ್ತು ಆಂಬುಲೆನ್ಸ್. ಅದನ್ನು ಯಾವ ಡ್ರೋನ್ ಕೂಡ ಕೊಡಲಾರದು. ನಿತ್ಯ ತೆಗೆದುಕೊಳ್ಳುವ ಮಾತ್ರೆ, ಇನ್ಸುಲಿನ್ ಬೇಕಾದವರಿಗೆ ಸಹಾಯ ಆಗಬಹುದಿತ್ತು.

ಹಾಗಾಗಿ ಬಟ್ಟೆ, ಮೊಬೈಲ್ ಕವರ್, ದಿನಸಿಗೆ ಬೈಕಿನ ಹುಡುಗನೇ ಸರಿ. ಒಂದೇ ಸುತ್ತಿನಲ್ಲಿ ಎಷ್ಟೋ ಮನೆ ಮುಗಿಸುತ್ತಾನೆ, ನಾಯಿ ಇದ್ದರೆ ಗೇಟಿನಿಂದಲೇ ಕರೆಯುತ್ತಾನೆ. ಡ್ರೋನ್ ಹಾಕುವುದಿದ್ದರೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಹಾಕಬೇಕು. ಒಳನಾಡಿನ ಆರೋಗ್ಯ ಕೇಂದ್ರದಿಂದ ರಕ್ತದ ಸ್ಯಾಂಪಲ್ ಕಾಸರಗೋಡಿಗೆ, ಅಲ್ಲಿಂದ ಬೇಕಾದ ಔಷಧಿ ವಾಪಸ್. ಹಾವಿನ ವಿಷದ ಮದ್ದನ್ನೂ ಹೀಗೆ ಕಳಿಸಬಹುದು, ಆದರೆ ವೈದ್ಯರಿರುವ ಕೇಂದ್ರಕ್ಕೆ ಮಾತ್ರ. ಆ ಇಂಜೆಕ್ಷನ್‌ಗೇ ಕೆಲವರಲ್ಲಿ ಜೀವಕ್ಕೆ ಅಪಾಯವಾಗುವಷ್ಟು ಅಲರ್ಜಿ ಆಗುವುದುಂಟು, ಮನೆಗೆ ತರಿಸಿ ಕೊಡುವ ಮದ್ದಲ್ಲ ಅದು.

ಯಾವುದಾದರೂ ಕಂಪನಿ ಪಂಚಾಯತಿಗೆ ಬಂದು ಜನವರಿಯ ಬೆಳಿಗ್ಗೆ ಒಂದು ಹಾರಾಟ ತೋರಿಸಿದರೆ ಅಷ್ಟಕ್ಕೇ ಒಪ್ಪಬೇಡಿ. ಏಪ್ರಿಲ್–ಮೇ ತಿಂಗಳ ಗುಡುಗಿನ ಸಂಜೆಗೂ ಜುಲೈ ಮಳೆಗೂ ಅದೇ ದಾರಿಯನ್ನು ನಡೆಸಲಿ. ಹಾರಲಾಗದ ದಿನ, ಅರ್ಧದಿಂದ ವಾಪಸಾದ ದಿನ, ಕೆಳಗೆ ಬಿದ್ದ ದಿನ ಎಲ್ಲ ಒಂದು ಪುಸ್ತಕದಲ್ಲಿ ಬರೆದಿಡಲಿ. ಇತರರಿಗೆ ಆದ ನಷ್ಟ ತುಂಬಿಕೊಡುವ ಮೂರನೆಯವರ ವಿಮೆಯ ಪ್ರತಿಯೂ ಆ ಪುಸ್ತಕದ ಜೊತೆಗಿರಲಿ, ಊರಿನ ಯಾರು ಬಂದು ಕೇಳಿದರೂ ಪಂಚಾಯತಿನಲ್ಲಿ ತೆಗೆದು ತೋರಿಸುವಂತಿರಬೇಕು.