‘ಗೆ’ ಕಂಡಲ್ಲೆಲ್ಲ ‘ಟು’ ಬರೆಯಬೇಡಿ

ಮದುವೆ ಸೀಸನ್ ಬಂತು ಅಂದರೆ ನನ್ನ ಸಂಜೆಯ ಇಂಗ್ಲಿಷ್ ಕ್ಲಾಸಿಗೆ ಯಾರಾದರೂ ಲಗ್ನಪತ್ರಿಕೆಯ ಕರಡು ಹಿಡಿದು ಬರುತ್ತಾರೆ. ‘ಮೇಡಂ, ಒಂದ್ಸಲ ನೋಡಿಬಿಡಿ, ನಾಳೆ ಪ್ರೆಸ್‌ಗೆ ಕೊಡಬೇಕು.’ ಹೆಸರು, ವಿಳಾಸ ಎಲ್ಲ ಸರಿ ಇರುತ್ತದೆ. ತಪ್ಪು ಸಿಗುವುದು ಇನ್, ಆನ್, ಅಟ್, ಟು, ಫಾರ್ ಎಂಬ ಪುಟ್ಟ ಪದಗಳಲ್ಲಿ.

ಇವನ್ನು ಬಾಯಿಪಾಠ ಮಾಡಿಸುವುದನ್ನು ನಾನು ಬಿಟ್ಟಿದ್ದೇನೆ. ಮೊದಲು ಕನ್ನಡದಲ್ಲೇ ಹೇಳಿಸುತ್ತೇನೆ: ‘ಮೇ ತಿಂಗಳಲ್ಲಿ, 10ರಂದು, 11 ಗಂಟೆಗೆ.’ ಪದದ ಕೊನೆ ನೋಡಿ. ತಿಂಗಳ ‘ಅಲ್ಲಿ’ಗೆ ಇನ್, ತಾರೀಖಿನ ‘ಅಂದು’ಗೆ ಆನ್, ಗಂಟೆಯ ‘ಗೆ’ಗೆ ಅಟ್. ಹೊತ್ತಿನ ವಿಷಯದಲ್ಲಿ ನಮ್ಮ ಕನ್ನಡವೇ ದಾರಿ ತೋರಿಸುತ್ತದೆ, ಅಲ್ವಾ? ‘ಬೆಳಿಗ್ಗೆ’ ಒಂದನ್ನು ನೆನಪಿಡಬೇಕು. ಬರೀ ಬೆಳಿಗ್ಗೆ ಆದರೆ ಇನ್ ದ ಮಾರ್ನಿಂಗ್. ವಾರದ ಹೆಸರು ಸೇರಿದರೆ ಆನ್ ಸಂಡೇ ಮಾರ್ನಿಂಗ್. ‘ನಾಳೆ’ಗೆ ಏನೂ ಬೇಡ, ಸುಮ್ನೆ ಟುಮಾರೋ ಸಾಕು.

ನನ್ನ ಕೈಗೆ ಬರುವ ಕರಡುಗಳಲ್ಲಿ ಜಾಸ್ತಿ ಎಡವುವುದು ಮುಹೂರ್ತದ ಸಾಲು. ‘ಬಿಟ್ವೀನ್ 10.15 ಟು 11.00’ ಎಂದು ಬರೆದಿರುತ್ತಾರೆ. ಬಿಟ್ವೀನ್ ಜೊತೆ ಆ್ಯಂಡ್ ಬರಬೇಕು, ಫ್ರಮ್ ಜೊತೆ ಟು. ಹಾಗಾದರೆ ಯಾವ ಜೋಡಿ? ಧಾರೆ ಮುಕ್ಕಾಲು ಗಂಟೆಯೂ ನಡೆಯುವುದಿಲ್ಲ. ಆ ಹೊತ್ತಿನೊಳಗೆ ಒಂದು ಗಳಿಗೆಯಲ್ಲಿ ಆಗುತ್ತದೆ. ಅದಕ್ಕೇ ಬಿಟ್ವೀನ್ 10.15 ಆ್ಯಂಡ್ 11.00. ಆರತಕ್ಷತೆ ಹಾಗಲ್ಲ. ಆರೂವರೆಗೆ ಶುರುವಾಗಿ ಉದ್ದಕ್ಕೂ ನಡೆಯುತ್ತದೆ. ಅಲ್ಲಿ ಫ್ರಮ್ 6.30 ಟು 9.30. ಇಷ್ಟು ಯೋಚಿಸಿ ಬರೆದ ಪತ್ರಿಕೆ ಕಂಡರೆ ನನಗೆ ನಿಜಕ್ಕೂ ಖುಷಿಯಾಗುತ್ತದೆ.

ಗಂಟೆ ಬಿಟ್ಟು ಬೇರೆ ಕಡೆ ಬರುವ ‘ಗೆ’ಯನ್ನು ಮಾತ್ರ ನಂಬಬೇಡಿ. ಮದುವೆಗೆ ಕರೆದರೆ ಇನ್ವೈಟ್ ಯು ಟು ದ ವೆಡ್ಡಿಂಗ್. ಊಟಕ್ಕೆ ಕರೆದರೆ ಜಾಯಿನ್ ಅಸ್ ಫಾರ್ ಲಂಚ್. ‘ನಮ್ಮ ಮನೆಗೆ ಬನ್ನಿ’ ಅಂದರೆ ಕಮ್ ಟು ಅವರ್ ಹೌಸ್. ಆದರೆ ‘ಮನೆಗೆ ಬಾ’ ಅಂದರೆ ಕಮ್ ಹೋಮ್ ಅಷ್ಟೇ, ಟು ಇಲ್ಲ. ಛತ್ರ ಬಸ್ ನಿಲ್ದಾಣದ ಎದುರಿಗಿದ್ದರೆ ಆಪೋಸಿಟ್ ದ ಬಸ್ ಸ್ಟ್ಯಾಂಡ್. ಅಲ್ಲೂ ಟು ಬೇಡ.

ಇನ್ನೊಂದು ಜಾಗ ‘ಒಳಗೆ’. ನನ್ನ ವಿದ್ಯಾರ್ಥಿಯೊಬ್ಬರು ಹೊರರಾಜ್ಯದ ಸಹೋದ್ಯೋಗಿಯನ್ನು ರಾತ್ರಿ ಊಟಕ್ಕೆ ಕರೆದಿದ್ದರು. ದೇವಸ್ಥಾನಕ್ಕೆ ಹೋಗಿ ‘ಒಂಬತ್ತರೊಳಗೆ ಮನೆಗೆ ಬಂದಿರ್ತೀವಿ’ ಎಂದು ತಿಳಿಸಬೇಕಿತ್ತು. ‘ವಿ ವಿಲ್ ಬಿ ಹೋಮ್ ಟಿಲ್ ನೈನ್’ ಎಂದು ಮೆಸೇಜ್ ಕಳಿಸಿದರು. ಟಿಲ್ ಅಂದರೆ ‘ವರೆಗೆ’. ಒಂಬತ್ತರವರೆಗೆ ಮನೆಯಲ್ಲೇ ಇರುತ್ತಾರೆ ಅಂದುಕೊಂಡ ಅತಿಥಿ ಎಂಟಕ್ಕೇ ಬಂದರು. ಬಾಗಿಲಿಗೆ ಬೀಗ. ಒಂದು ಗಂಟೆ ಮೆಟ್ಟಿಲ ಮೇಲೆ ಕೂತಿದ್ದರಂತೆ.

ಗಡುವಿನ ‘ಒಳಗೆ’ಗೆ ಇಂಗ್ಲಿಷ್‌ನಲ್ಲಿ ಬೈ ಎನ್ನಬೇಕು: ಬೈ ನೈನ್, ಬೈ ಫ್ರೈಡೇ. ಎಷ್ಟು ದಿನದೊಳಗೆ ಎಂದು ಲೆಕ್ಕ ಹೇಳುವಾಗ ವಿದಿನ್: ವಿದಿನ್ ಟೂ ಡೇಸ್. ಮುಂದಿನ ಸಲ ಆ ವಿದ್ಯಾರ್ಥಿ ಅದೇ ಸಹೋದ್ಯೋಗಿಯನ್ನು ಗೃಹಪ್ರವೇಶಕ್ಕೆ ಕರೆದಾಗ, ಮೆಸೇಜ್ ಕಳಿಸುವ ಮೊದಲು ನನಗೆ ತೋರಿಸಿದರು. ‘ಪ್ಲೀಸ್ ಬಿ ದೇರ್ ಬೈ ಟೆನ್’ ಎಂದಿತ್ತು. ತಿದ್ದುವುದಕ್ಕೆ ಏನೂ ಇರಲಿಲ್ಲ.