ಮೊದಲು ಬೀಳುವುದನ್ನು ಕಲಿಸುವವರನ್ನು ಹುಡುಕಿ

ಬೇಸಿಗೆ ರಜೆ ಹತ್ತಿರವಾದಂತೆ ದಾವಣಗೆರೆಯ ತಂದೆ-ತಾಯಂದಿರು ಮಕ್ಕಳನ್ನು ಕರಾಟೆ, ಜೂಡೋ, ಟೇಕ್ವಾಂಡೊ ತರಗತಿಗಳಿಗೆ ಸೇರಿಸಲು ವಿಚಾರಿಸತೊಡಗುತ್ತಾರೆ. ಕೆಲವು ವಾರ ಕಳೆಯುವಷ್ಟರಲ್ಲಿ ಅವರಲ್ಲಿ ಕೆಲವರು ಮಗುವಿನ ಮಣಿಕಟ್ಟಿನ ಎಕ್ಸ್‌-ರೇ ಹಿಡಿದು, ಮೂಳೆ ವೈದ್ಯನಾದ ನನ್ನ ಮುಂದೆ ಕುಳಿತಿರುತ್ತಾರೆ. ಎಲ್ಲಿ ಕಲಿಯುತ್ತಿದ್ದ ಎಂದು ಕೇಳಿದರೆ ಮಾಸ್ಟರರ ಪದಕಗಳ ವಿವರ ಸಿಗುತ್ತದೆ. ಬೀಳುವುದನ್ನು ಕಲಿಸಿದ್ದರೇ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಸಿಗುವುದಿಲ್ಲ.

ಆಯತಪ್ಪಿದ ಮಗು ಸಹಜವಾಗಿಯೇ ಕೈಯನ್ನು ನೇರವಾಗಿ ಚಾಚಿ ಅಂಗೈ ಊರುತ್ತದೆ. ಮೈಭಾರವೆಲ್ಲ ಮಣಿಕಟ್ಟಿನ ಮೇಲೆ ಬಂದು ಮುಂಗೈ ಮೂಳೆ ಮುರಿಯುವುದು ಹೀಗೆ. ಬೆಳೆಯುವ ವಯಸ್ಸಿನಲ್ಲಿ ಮೂಳೆಯ ತುದಿಯ ಬಳಿ ಮೃದುವಾದ ಬೆಳವಣಿಗೆಯ ಪದರವಿರುವುದರಿಂದ, ಪೆಟ್ಟು ಅದಕ್ಕೆ ತಗುಲಿದರೆ ಮೂಳೆ ಮುಂದೆ ವಕ್ರವಾಗಿ ಬೆಳೆಯುವ ಸಾಧ್ಯತೆಯೂ ಇದೆ. ಜೂಡೋದಲ್ಲಿ ಇದಕ್ಕೆಂದೇ ‘ಉಕೆಮಿ’ ಎಂಬ ಅಭ್ಯಾಸವಿದೆ: ಗದ್ದವನ್ನು ಎದೆಗೆ ಒತ್ತಿ, ಬೆನ್ನನ್ನು ಗುಂಡಗೆ ಬಾಗಿಸಿ, ಅಂಗೈ ಕೆಳಮುಖವಾಗಿರುವಂತೆ ಇಡೀ ತೋಳಿನಿಂದ ಮ್ಯಾಟಿಗೆ ಬಡಿಯುತ್ತ ಬೀಳುವುದು. ಒಳ್ಳೆಯ ಶಿಕ್ಷಕರು ಇದನ್ನು ಮೊದಲು ಕುಕ್ಕುರುಗಾಲಿನಲ್ಲಿ ಕೂರಿಸಿ ಮಾಡಿಸುತ್ತಾರೆ, ಆಮೇಲಷ್ಟೇ ನಿಲ್ಲಿಸಿ ಮಾಡಿಸುತ್ತಾರೆ. ಬೀಳುವಾಗ ಗದ್ದ ಮೇಲೆದ್ದ ಮಗುವನ್ನು ಗದರದೆ ಮತ್ತೆ ಕುಕ್ಕುರುಗಾಲಿಗೆ ತರುತ್ತಾರೆ. ಗರಡಿಗಳಲ್ಲಿ ಉಸ್ತಾದರು ಅಖಾಡದ ಮಣ್ಣನ್ನು ಅಗೆದು ಹದಮಾಡಿದ ಮೇಲೆಯೇ ಹುಡುಗರನ್ನು ಕುಸ್ತಿಗೆ ಇಳಿಸುವುದರಲ್ಲಿಯೂ ಇದೇ ವಿವೇಕವಿದೆ. ಸಿಮೆಂಟ್ ನೆಲದ ಮೇಲೆ ಎದುರಾಳಿಯನ್ನು ಎತ್ತಿ ಹಾಕುವ ಪಟ್ಟು ಕಲಿಸುವ ಕಡೆಗೆ ಮಗುವನ್ನು ದಯವಿಟ್ಟು ಕಳಿಸಬೇಡಿ.

ಶುಲ್ಕ ಕಟ್ಟುವ ಮೊದಲು ಒಂದೆರಡು ತರಗತಿಗಳನ್ನು ಪೂರ್ತಿ ಕುಳಿತು ನೋಡಿ. ಪೋಷಕರು ನೋಡಬಾರದು ಎನ್ನುವ ತರಗತಿಯಾದರೆ, ಅದರಲ್ಲಿಯೂ ಹೆಣ್ಣುಮಕ್ಕಳ ವಿಷಯದಲ್ಲಿ, ಮಾತು ಅಲ್ಲಿಗೇ ಮುಗಿಯಿತು. ಕರಾಟೆಯ ಜೋಡಿ ಅಭ್ಯಾಸದಲ್ಲಿ ಶಿಕ್ಷಕರು ‘ಯಾಮೆ’ (ನಿಲ್ಲಿಸಿ) ಎಂದ ಕೂಡಲೇ ಇಬ್ಬರೂ ನಿಲ್ಲುತ್ತಾರೆಯೇ, ಸಣ್ಣವನ ಎದುರು ದೊಡ್ಡವನನ್ನು ನಿಲ್ಲಿಸಿದಾಗ ಶಿಕ್ಷಕರು ಪಕ್ಕದಲ್ಲೇ ಇರುತ್ತಾರೆಯೇ ಎಂದು ಗಮನಿಸಿ. ತಡವಾಗಿ ಬಂದ ಮಗುವಿಗೆ ಬಾತುಕೋಳಿ ನಡಿಗೆಯ ಶಿಕ್ಷೆ ಕೊಡುವ ರೂಢಿ ಮಂಡಿಗಳಿಗೆ ಒಳ್ಳೆಯದಲ್ಲ. ತಲೆಗೆ ಪೆಟ್ಟು ಬಿದ್ದು ಮಂಕಾದ ಮಗುವನ್ನು ನೀರು ಕುಡಿಸಿ ಮತ್ತೆ ಅಭ್ಯಾಸಕ್ಕೆ ನಿಲ್ಲಿಸುವುದು ಅದಕ್ಕಿಂತ ಗಂಭೀರ ತಪ್ಪು. ಆ ದಿನ ಆ ಮಗು ಮತ್ತೆ ಆಡಕೂಡದು; ವಾಂತಿ, ಅತಿಯಾದ ನಿದ್ದೆ, ಹೆಚ್ಚುತ್ತಿರುವ ತಲೆನೋವು ಕಂಡರೆ ತಕ್ಷಣ ಆಸ್ಪತ್ರೆಗೆ ಕರೆತರಬೇಕು.

ಬೆಲ್ಟಿನ ವಿಷಯ ಚಿಕ್ಕದು. ಜೂಡೋವನ್ನು 1882ರಲ್ಲಿ ಸ್ಥಾಪಿಸಿದ ಜಿಗೊರೊ ಕಾನೊ ಅವರ, ಬೆಲ್ಟಿನ ಮೂಲಕ ಕಲಿಕೆಯ ಮಟ್ಟ ತೋರಿಸುವ ದರ್ಜೆ ಪದ್ಧತಿಯನ್ನು ಗಿಚಿನ್ ಫುನಾಕೊಶಿ 1924ರಲ್ಲಿ ಕರಾಟೆಗೆ ತಂದರು. ಇಂದು ಒಂದೊಂದು ಸಂಸ್ಥೆಯೂ ತನ್ನದೇ ಬೆಲ್ಟ್ ಕೊಡುವುದರಿಂದ, ಒಂದು ಕಡೆಯ ಕಪ್ಪು ಬೆಲ್ಟ್‌ಗೆ ಇನ್ನೊಂದು ಕಡೆ ಮನ್ನಣೆ ಸಿಗದೇ ಇರಬಹುದು. ವರ್ಷದೊಳಗೆ ಕಪ್ಪು ಬೆಲ್ಟ್ ಕೊಡಿಸುತ್ತೇನೆ ಎನ್ನುವವರನ್ನು ನಂಬಬೇಡಿ. ಒಲಿಂಪಿಕ್ಸ್ ಕನಸು ಇಟ್ಟುಕೊಂಡವರು, ಕರಾಟೆ ಟೋಕಿಯೊ ಕೂಟದಲ್ಲಿ ಇದ್ದು 2024ರ ಪ್ಯಾರಿಸ್ ಕೂಟದಲ್ಲಿ ಇರಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಆರಂಭದ ತಿಂಗಳುಗಳಲ್ಲಿ ವಾರಕ್ಕೆ ಮೂರು ದಿನದ ಅಭ್ಯಾಸ ಸಾಕು. ಸೇರಿಸುವ ದಿನವೇ ಮಗುವಿನ ಆಸ್ತಮಾ, ಮೂರ್ಛೆರೋಗ, ಹಿಂದೆ ಮುರಿದ ಮೂಳೆ, ಕನ್ನಡಕ ಇವುಗಳನ್ನು ಶಿಕ್ಷಕರಿಗೆ ತಿಳಿಸಿ, ಅವರು ಅದನ್ನು ಬರೆದಿಟ್ಟುಕೊಳ್ಳುತ್ತಾರೆಯೇ ಎಂದು ನೋಡಿ.